ಇಗುವಾನಾ ಸಾಕಿ ಬಯಲಿಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಕಳೆದ ಚಳಿಗಾಲದಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಪೂಜೆಗೆಂದು ಅವಳು ಬೆಳೆಸಿದ್ದ ದಾಸವಾಳದ ಮೊಗ್ಗುಗಳು ಒಂದೂ ಅರಳುತ್ತಿರಲಿಲ್ಲ. ಕಾರಣ ಹುಡುಕುತ್ತ ಹೋದಾಗ ಹಿತ್ತಲಿನ ಕಾಲುವೆಯ ಕಟ್ಟೆಯ ಮೇಲೆ, ಕೊರಳಿನ ಚರ್ಮ ಜೋತುಬಿಟ್ಟುಕೊಂಡು, ಪಟ್ಟೆ ಪಟ್ಟೆಯ ಬಾಲ ಚಾಚಿ ಬಿಸಿಲು ಕಾಯುತ್ತಿದ್ದ ಹಸಿರು ಇಗುವಾನಾ ಎಂಬ ದೊಡ್ಡ ಹಲ್ಲಿ ಜಾತಿಯ ಪ್ರಾಣಿ ಕಾಣಿಸಿತು. ಅದರ ಕೆಳಗೆ ದಂಡೆಯಲ್ಲಿ ನನ್ನ ತೋಳು ಮೊಣಕೈವರೆಗೆ ಹೋಗುವಷ್ಟು ಅಗಲದ ಬಿಲವಿತ್ತು. ಒಳಗಿನ ಮಣ್ಣು ಕುಸಿದು ಮೇಲಿನ ಕಲ್ಲುಹಾಸು ಒಂದು ಮಗ್ಗುಲಿಗೆ ವಾಲಿತ್ತು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಪ್ರಾಣಿ ಫ್ಲಾರಿಡಾದಲ್ಲಿ ಮೊದಲು ಕಂಡದ್ದು 1960ರ ದಶಕದಲ್ಲಿ. ಅಂಗೈಯಗಲದ ಮರಿಯನ್ನು ಆಸೆಪಟ್ಟು ಕೊಂಡವರು, ಅದು ಐದಡಿ ಮೀರಿ ಬೆಳೆದು ಪಂಜರಕ್ಕೆ ಹಿಡಿಸದಾದಾಗ ಕಾಲುವೆಯ ಬದಿಗೆ ಬಿಟ್ಟು ಬಂದದ್ದೇ ಅದು ಅಲ್ಲಿ ನೆಲೆಯೂರಲು ಮುಖ್ಯ ಕಾರಣಗಳಲ್ಲೊಂದು. ಹೆಣ್ಣು ಇಗುವಾನಾ ಒಮ್ಮೆಗೆ 70ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅದೇ ರಾಜ್ಯದ ವೆಸ್ಟ್ ಪಾಮ್ ಬೀಚ್ ನಗರದಲ್ಲಿ ಇವು ಕೊರೆದ ಬಿಲಗಳಿಂದ ದುರ್ಬಲವಾದ ಅಣೆಕಟ್ಟೆಯ ತುರ್ತು ದುರಸ್ತಿಗೆ 18 ಲಕ್ಷ ಡಾಲರ್ ಸುರಿಯಬೇಕಾಯಿತು. ನಮ್ಮ ಹಳ್ಳಿಗಳಲ್ಲೂ ಬೆಳೆಯುವ ಗಜ್ಜುಗದ ಗಿಡ ಅಲ್ಲಿನ ಕಡಲತೀರದಲ್ಲಿಯೂ ಇದೆ. ಮಯಾಮಿ ಬ್ಲೂ ಎಂಬ ಅಳಿವಿನಂಚಿನ ಪುಟ್ಟ ಚಿಟ್ಟೆಯ ಮರಿಹುಳುಗಳಿಗೆ ಆಹಾರವಾದ ಆ ಗಿಡದ ಚಿಗುರನ್ನೂ ಇಗುವಾನಾಗಳು ಮೇಯುತ್ತವೆ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಂತೂ 2018ರಲ್ಲಿ ಸರ್ಕಾರವೇ ಹಣ ಕೊಟ್ಟು ಆರಂಭಿಸಿದ ಕಾರ್ಯಾಚರಣೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಗುವಾನಾಗಳನ್ನು ಕೊಲ್ಲಬೇಕಾಯಿತು. ಮನುಷ್ಯರು ತಂದು ಬಿಟ್ಟ ತಪ್ಪಿಗೆ ಇಷ್ಟೊಂದು ಜೀವಗಳು ಸಾಯಬೇಕಾಗಿ ಬಂದದ್ದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

ಜನವರಿಯ ಒಂದು ಕೊರೆಯುವ ಮುಂಜಾನೆ ನೆರೆಮನೆಯ ಮರದಡಿ ಇಗುವಾನಾ ಒಂದು ಕಟ್ಟಿಗೆಯಂತೆ ಸೆಟೆದು ಬಿದ್ದಿತ್ತು. ಸತ್ತಿದೆ ಎಂದುಕೊಂಡಿದ್ದೆ, ಹತ್ತು ಗಂಟೆಯ ಬಿಸಿಲು ತಾಗಿದ ಮೇಲೆ ಮೆಲ್ಲನೆ ಎದ್ದು ನೀರಿಗಿಳಿಯಿತು. 2010ರ ಕಡುಚಳಿಯಲ್ಲಿ ಅಲ್ಲಿ ಬಹಳಷ್ಟು ಇಗುವಾನಾಗಳು ಸತ್ತರೂ ಉಳಿದವುಗಳಿಂದ ಸಂತತಿ ಮತ್ತೆ ಹೆಚ್ಚಿತು. ಅಷ್ಟರ ಮಟ್ಟಿನ ಚಳಿಯೂ ಇಲ್ಲದ, ವರ್ಷವಿಡೀ ಹಸಿರಿರುವ ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ನೆಲೆಯೂರಿದರೆ ತಡೆಯುವವರು ಯಾರು? ಕೆರೆಯ ಏರಿಯನ್ನೂ ನಾಲೆಯ ದಂಡೆಯನ್ನೂ ನಂಬಿ ಬದುಕುವ ನಾಡಿಗೆ ಬಿಲ ತೋಡುವ ಈ ಅತಿಥಿ ಬೇಡ ಎಂಬುದು ನನ್ನ ಆತಂಕ.

ಈ ಆತಂಕಕ್ಕೆ ಆಧಾರವಿದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಪೆಟ್ಟಿಗೆಯಲ್ಲಿ ಸಿಕ್ಕ 234 ವನ್ಯಜೀವಿಗಳಲ್ಲಿ ಇಗುವಾನಾಗಳೂ ಇದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ನನಗೆ ಪರಿಚಯವಿರುವ ಹುಡುಗನೊಬ್ಬ ಎರಡು ವರ್ಷದಿಂದ ಇಗುವಾನಾ ಸಾಕುತ್ತಿದ್ದಾನೆ; ಮರಿ ಮಾರಿದ ಅಂಗಡಿಯವರು ಇದನ್ನು ಅವನಿಗೆ ತಿಳಿಸಿಯೇ ಇರಲಿಲ್ಲ.

ಸಾಕಲಾಗದವರು ಪ್ರಾಣಿಯನ್ನು ಎಲ್ಲಿಗೆ ಒಪ್ಪಿಸಬೇಕು ಎಂಬುದಕ್ಕೂ ಸ್ಪಷ್ಟ ದಾರಿ ಇರಬೇಕು. ಫ್ಲಾರಿಡಾದ ವನ್ಯಜೀವಿ ಆಯೋಗವು ಇಂಥವರು ದಂಡದ ಭಯವಿಲ್ಲದೆ, ಶುಲ್ಕವಿಲ್ಲದೆ ಪ್ರಾಣಿಯನ್ನು ಒಪ್ಪಿಸುವ ವ್ಯವಸ್ಥೆ ಮಾಡಿದೆ. ನಮ್ಮ ಅರಣ್ಯ ಇಲಾಖೆಯೂ ಮೃಗಾಲಯಗಳ ನೆರವಿನಿಂದ ಜಿಲ್ಲೆಗೊಂದಾದರೂ ಇಂಥ ಕೇಂದ್ರ ತೆರೆದು, ಅದರ ವಿಳಾಸವನ್ನು ಸಾಕುಪ್ರಾಣಿ ಮಾರುವ ಪ್ರತಿ ಅಂಗಡಿಯಲ್ಲೂ ಕನ್ನಡದಲ್ಲಿ ಬರೆದು ಹಾಕಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಶಿವಮೊಗ್ಗ