ಶೇಕಡಾ ಅಂದರೆ ಯಾವುದರ ಮೇಲೆ?

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊಬೈಲಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಲೆಕ್ಕ ಕಲಿತು ಏನಾಗಬೇಕು ಎಂದು ಬರೆದಿದ್ದೀಯ. ಅದು ಗುಣಿಸಿ ಕೊಡುತ್ತದೆ, ನಿಜ. ಯಾವುದನ್ನು ಯಾವುದರಿಂದ ಗುಣಿಸಬೇಕು ಅಂತ ನೀನೇ ಹೇಳಬೇಕಲ್ಲ!

ಶೇಕಡಾ ಕಂಡಲ್ಲೆಲ್ಲ ‘ಯಾವುದರ ಮೇಲೆ?’ ಎಂದು ಕೇಳಿಕೋ. ಶೇ. 50 ರಿಯಾಯಿತಿ, ಅದರ ಮೇಲೆ ಇನ್ನೂ ಶೇ. 20 ಅಂದರೆ ಶೇ. 70 ಆಗದು. ನೂರರಲ್ಲಿ ಐವತ್ತು ಹೋಯಿತು, ಉಳಿದ ಐವತ್ತರಲ್ಲಿ ಹತ್ತು ಹೋಯಿತು. ಒಟ್ಟು ಬಿಟ್ಟದ್ದು ಅರವತ್ತೇ.

ಸಾಲದಲ್ಲಿ ಈ ಪ್ರಶ್ನೆ ಕೇಳದಿದ್ದರೆ ಪೆಟ್ಟು ಇನ್ನೂ ಜೋರು. ಒಂದು ಲಕ್ಷ ಸಾಲ, ‘ಫ್ಲಾಟ್’ ಶೇ. 10 ಬಡ್ಡಿ, 12 ಕಂತು ಎಂದಿಟ್ಟುಕೋ. ಬಡ್ಡಿ 10,000 ಸೇರಿ ತಿಂಗಳಿಗೆ ಸುಮಾರು 9,167 ಕಟ್ಟಬೇಕು. ಮೊದಲ ಕಂತಿನಿಂದಲೇ ಅಸಲು ಕರಗುತ್ತ ಬರುತ್ತದೆ. ವರ್ಷದ ಸರಾಸರಿ ತೆಗೆದರೆ ನಿನ್ನ ಕೈಯಲ್ಲಿರುವುದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಲಕ್ಷಕ್ಕೆ! ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ದರ ಸುಮಾರು ಶೇ. 18. ಹಾಗಾಗಿ ಇನ್ನೊಬ್ಬರು ಉಳಿದ ಅಸಲಿನ ಮೇಲೆ ಶೇ. 13 ಕೇಳಿದರೆ ಅದೇ ಅಗ್ಗದ ಸಾಲ.

ಟೈಲ್ಸ್ ಹಾಕಿಸುವಾಗಲೂ ಬರೀ ಭಾಗಾಕಾರ ನಂಬಬೇಡ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಟೈಲ್ 60 ಸೆಂ.ಮೀ. ಚೌಕ. ಹನ್ನೆರಡನ್ನು 0.36ರಿಂದ ಭಾಗಿಸಿದರೆ ಕ್ಯಾಲ್ಕುಲೇಟರ್ 33.33 ಎನ್ನುತ್ತದೆ, 34 ಸಾಕು ಅನಿಸುತ್ತದೆ. ಕಾಗದದ ಮೇಲೆ ಜೋಡಿಸಿ ನೋಡು. ಅಗಲಕ್ಕೆ ಸರಿಯಾಗಿ 5 ಕೂರುತ್ತವೆ. ಉದ್ದಕ್ಕೆ 6 ಕೂತು 40 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅದಕ್ಕೆ ಇನ್ನೂ 5 ಟೈಲ್ ಕತ್ತರಿಸಬೇಕು; ಮಿಕ್ಕ 20 ಸೆಂ.ಮೀ. ತುಂಡುಗಳನ್ನು ಎರಡೆರಡು ಸೇರಿಸಿ ಕೂರಿಸಿದರೆ ನಡುವೆ ಗೆರೆ ಎದ್ದು ಕಾಣುತ್ತದೆ. ಅಲ್ಲಿಗೆ 35 ಆಯಿತು. ಒಡೆಯುವುದಕ್ಕೆಂದು ಶೇ. 10 ಸೇರಿಸಿ 39 ಒಮ್ಮೆಲೇ ತರಿಸು. ಆಮೇಲೆ ತಂದದ್ದರ ಬಣ್ಣ ಮೊದಲಿನದಕ್ಕೆ ಹೊಂದದೆ ಹೋಗಬಹುದು.

ಇನ್ನು ಮನೆಯ ಜಮಾ-ಖರ್ಚು ತಾಳೆಯಾಗದಿದ್ದರೆ ಪುಸ್ತಕ ಪೂರ್ತಿ ತಿರುವಿಹಾಕುವ ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು. 74 ಬದಲು 47 ಬರೆದರೆ ವ್ಯತ್ಯಾಸ 27. ಕೊನೆಯ ಸೊನ್ನೆ ಬಿಟ್ಟುಹೋದರೂ ಹೀಗೇ. ಅದಲ್ಲವೆಂದಾದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಿದೆ ಹುಡುಕು. ಜಮೆಗೆ ಬರೆಯಬೇಕಾದದ್ದು ಖರ್ಚಿನ ಕಡೆ ಕೂತಿರಬಹುದು.

ಇಂತು,
ನಿನ್ನ ದೊಡ್ಡಪ್ಪ