ಎಲ್ಲ ಪುಸ್ತಕಕ್ಕೂ ಒಂದೇ ‘ಸರಳ ಸುಂದರ ಶೈಲಿ’ಯೇ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಭಾನುವಾರದ ಪುಸ್ತಕ ಪುಟವನ್ನು ಮೊದಲ ಚಹಾದ ಜೊತೆಗೇ ಓದುವವನು ನಾನು. ಹೋದ ವಾರ ಅಲ್ಲಿ ಮೂರು ಪುಸ್ತಕಗಳ ಪರಿಚಯ ಬಂದಿತ್ತು. ಒಂದು ಕಥೆಗಳದ್ದು, ಒಂದು ಪ್ರವಾಸದ್ದು, ಇನ್ನೊಂದು ನಿವೃತ್ತ ಅಧಿಕಾರಿಯೊಬ್ಬರ ನೆನಪುಗಳು. ಬರೆದವರು ಮೂವರೂ ಬೇರೆ. ಪರಿಚಯ ಮಾಡಿದವರೂ ಬೇರೆ. ಕೊನೆಯ ಸಾಲು ಮಾತ್ರ ಮೂರಕ್ಕೂ ಒಂದೇ: ‘ಸರಳ ಸುಂದರ ಶೈಲಿಯಲ್ಲಿದ್ದು ಓದಿಸಿಕೊಂಡು ಹೋಗುತ್ತದೆ.’ ಕಥೆಗಳ ಪುಸ್ತಕಕ್ಕೆ ‘ಗ್ರಾಮೀಣ ಸೊಗಡು’ ಅಂತ ಒಂದು ಒಗ್ಗರಣೆ ಜಾಸ್ತಿ ಬಿದ್ದಿತ್ತು, ಅಷ್ಟೇ. ಶೈಲಿ ಅನ್ನುವ ಪದ ‘ಶೀಲ’ದಿಂದ ಬಂದದ್ದು. ಶೀಲ ಅಂದರೆ ಸ್ವಭಾವ. ಮೂರು ಜನಕ್ಕೆ ಒಂದೇ ಸ್ವಭಾವ ಹೇಗೆ ಬಂತು ಅಂತ ನನಗೆ ಬೆರಗು.

ಆ ಮಾತು ನಂಬಿ ನೆನಪುಗಳ ಪುಸ್ತಕ ತರಿಸಿಕೊಂಡೆ. 300 ರೂಪಾಯಿ. ಮೊದಲ ವಾಕ್ಯವೇ 11 ಸಾಲು. ಕರ್ತೃಪದವನ್ನು ಹುಡುಕಿ ಹಿಡಿಯುವಷ್ಟರಲ್ಲಿ ಕ್ರಿಯಾಪದ ಕೈತಪ್ಪಿ ಹೋಗಿತ್ತು. ಪುಸ್ತಕ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆ ಮನುಷ್ಯ ಕಚೇರಿ ಕಡತದ ಭಾಷೆಯಲ್ಲೇ ಯೋಚನೆ ಮಾಡುತ್ತಾರೆ. ಸಿಟ್ಟನ್ನೂ ಅದರಲ್ಲೇ ತೋಡಿಕೊಳ್ಳುತ್ತಾರೆ. ತಾಯಿ ತೀರಿಕೊಂಡದ್ದನ್ನು ‘ಸದರಿ ದಿನಾಂಕದಂದು’ ಅಂತ ಶುರುಮಾಡಿದ್ದಾರೆ. ಓದಿ ಮೊದಲು ನಗು ಬಂತು. ಪುಟ ಮುಗಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು. ಇದನ್ನು ನಿಮ್ಮ ಪುಟದಲ್ಲಿ ಹೇಳಿದ್ದರೆ ಇನ್ನೂ ನಾಲ್ಕು ಜನ ಆ ಪುಸ್ತಕ ಕೊಳ್ಳುತ್ತಿದ್ದರು, ಅಲ್ವಾ?

ಹೀಗೆ ದೂರು ಹೇಳುವ ಹಕ್ಕು ನನಗೆಷ್ಟಿದೆ ಅನ್ನುವುದು ಬೇರೆ ಮಾತು. ಈ ಸವಕಲು ಸಾಲನ್ನು ಸಾಕಿ ಬೆಳೆಸಿದವರು ನಾವು ಕನ್ನಡ ಮಾಸ್ತರರೇ. ಗದಗಿನ ಪಕ್ಕದ ಬೆಟಗೇರಿಯಲ್ಲಿ 30 ವರ್ಷ ಕನ್ನಡ ಕಲಿಸಿದವನು ನಾನು. ‘ಲೇಖಕರ ಶೈಲಿಯನ್ನು ಕುರಿತು ಬರೆಯಿರಿ’ ಅಂತ 2 ಅಂಕದ ಪ್ರಶ್ನೆ ಕೊಡುವವನೂ ನಾನೇ, ‘ಸರಳ, ಸುಲಲಿತ, ಮನಮುಟ್ಟುವ ಶೈಲಿ’ ಅಂತ ಉತ್ತರ ಬರೆಸುವವನೂ ನಾನೇ. ಪಾಠ ಯಾವುದಾದರೂ ಉತ್ತರ ಅದೇ. ಒಂದು ವರ್ಷ ನೇಕಾರರ ಮನೆಯ ಹುಡುಗಿಯೊಬ್ಬಳು ಬೇರೆ ಏನೋ ಬರೆದಳು. ‘ನಮ್ಮವ್ವ ಕಂಡಿಕೆ ಸುತ್ತಕೋತ ಮಾತಾಡಿದಂಗ ಈ ಪಾಠ ಐತಿ. ಮಾತೂ ನಿಲ್ಲಂಗಿಲ್ಲ, ನೂಲೂ ಹರಿಯಂಗಿಲ್ಲ.’ ಕಂಡಿಕೆ ಅಂದರೆ ಮಗ್ಗಕ್ಕೆ ನೂಲು ಸುತ್ತುವ ಸಣ್ಣ ಕೊಳವೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅರ್ಧ ಅಂಕ ಕೊಟ್ಟೆ. ಶೈಲಿಯ ಬಗ್ಗೆ ಅಷ್ಟು ಸರಿಯಾದ ಮಾತನ್ನು ಆಮೇಲೆ ಯಾವ ವಿಮರ್ಶೆಯಲ್ಲೂ ನಾನು ಕಂಡಿಲ್ಲ.

ಬರಹ ಹೇಗಿದೆ ಅಂತ ಹೇಳುವುದಕ್ಕೆ ಕನ್ನಡದಲ್ಲಿ ಪದಗಳ ಬರ ಎಂದೂ ಇರಲಿಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’, ಇರುವುದೇ ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಅನ್ನುವುದರ ಮೇಲೆ. ಹದ ತಿಳಿಯದೆ ಸಂಸ್ಕೃತ ಕನ್ನಡಗಳನ್ನು ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಅನ್ನುತ್ತದೆ ಅದು. ಓದುತ್ತಿದ್ದಂತೆ ಹಾಲು ಒಡೆದದ್ದು ಕಣ್ಣಿಗೇ ಕಾಣುತ್ತದೆ. 1112ರ ಸುಮಾರಿಗೆ ‘ಧರ್ಮಾಮೃತ’ ಬರೆದ ನಯಸೇನ ನಮ್ಮ ಮುಳಗುಂದದವನು. ಗದಗಿನಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಆ ಊರು. ಅವನು ಇದನ್ನೇ ತುಪ್ಪಕ್ಕೆ ಎಣ್ಣೆ ಬೆರೆಸುವುದು ಅಂದ. ತಮಾಷೆ ಏನೆಂದರೆ ಆ ಪದ್ಯದಲ್ಲಿ ತುಪ್ಪವೂ ಇಲ್ಲ, ಎಣ್ಣೆಯೂ ಇಲ್ಲ. ‘ಘೃತ’, ‘ತೈಲ’ ಅಂತ ಇದೆ! ಮುದ್ದಣನ ಮನೋರಮೆ ಇನ್ನೂ ಖಾರ. ಗಂಡನ ಮಾತಿನಲ್ಲಿ ಸಂಸ್ಕೃತ ಜಾಸ್ತಿ ಆದಾಗ, ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಅಂತಾಳೆ. ಅರ್ಧ ಪುಟದ ವಿಮರ್ಶೆ ಒಂದು ಕಡುಬಿನಲ್ಲಿ ಮುಗಿದುಹೋಯಿತು.

ಇವೆಲ್ಲ ಪಂಡಿತರ ಮಾತು, ಹಳೆಯದು ಅಂತೀರಾ? ಹಾಲು, ಮಜ್ಜಿಗೆ, ತುಪ್ಪ, ಕಡುಬು. ನೀವೇ ನೋಡಿ, ಎಲ್ಲ ಅಡುಗೆಮನೆಯಿಂದಲೇ ಬಂದದ್ದು.

‘ಸರಳ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಮಹಲಿಂಗರಂಗನ ಪದ್ಯ ಶಾಲೆಗೆ ಹೋದ ಎಷ್ಟೋ ಜನಕ್ಕೆ ಬಾಯಿಪಾಠ. ಕನ್ನಡ ಎಷ್ಟು ಸುಲಭ ಅಂತ ತೋರಿಸಲು ಅವನು ಕೊಟ್ಟ ಹೋಲಿಕೆ ಮೂರು. ಸುಲಿದ ಬಾಳೆಹಣ್ಣು, ಸಿಗುರು ತೆಗೆದ ಕಬ್ಬು, ಬಿಸಿ ಆರಿದ ಹಾಲು. ಮೂರೂ ಒಂದೇ ಮಾತು ಅಂತ ನಾನು ವರ್ಷಗಟ್ಟಲೆ ಕಲಿಸಿದೆ. ನಿವೃತ್ತಿ ಆದಮೇಲೆ ಒಂದು ದಿನ ಸುಮ್ನೆ ಕೂತಾಗ ಹೊಳೆಯಿತು. ಬಾಳೆಹಣ್ಣಿಗೆ ಹಲ್ಲೇ ಬೇಡ. ಕಬ್ಬಿನ ಸಿಗುರು ತೆಗೆದಿದ್ದರೂ ಜಗಿಯುವ ಕೆಲಸ ನಮ್ಮದೇ, ರಸ ಆಮೇಲೆ. ಹಾಲು ನಾಲಿಗೆ ಸುಡುವುದಿಲ್ಲ ಅಂದರೆ ಅದು ಆರುವ ತನಕ ಯಾರೋ ಕಾದಿದ್ದಾರೆ. ರಾಜರತ್ನಂ ಅವರ ಮಕ್ಕಳ ಪದ್ಯ ಬಾಳೆಹಣ್ಣು. ಮಾಸ್ತಿಯವರ ಕಥೆ ಆರಿದ ಹಾಲು. ಒಳಗೆ ದುಃಖ ಇರುತ್ತದೆ, ಆದರೆ ಸುಡುವುದಿಲ್ಲ. ಅಲ್ಲಮನ ವಚನದಲ್ಲಿ ಎಷ್ಟೋ ಸಲ ಪದಗಳೆಲ್ಲ ಗೊತ್ತಿರುವವೇ. ಒಂದು ಸಾಲನ್ನು ದಿನವಿಡೀ ಜಗಿದರೂ ರಸ ಬರುತ್ತಲೇ ಇರುತ್ತದೆ. ಅದು ಕಬ್ಬು. ಮೂರನ್ನೂ ‘ಸರಳ’ ಅಂದರೆ ಓದುಗನಿಗೆ ಹಲ್ಲು ಬೇಕೋ ಲೋಟ ಬೇಕೋ ಹೇಗೆ ಗೊತ್ತಾಗಬೇಕು?

ಕಷ್ಟದ ಪುಸ್ತಕಕ್ಕೂ ಹೀಗೆಯೇ ಅನ್ಯಾಯ ಆಗುತ್ತದೆ. ‘ಕ್ಲಿಷ್ಟ’ ಅಂದರೆ ಬೈದ ಹಾಗೆ ಕೇಳುತ್ತದೆ. ಹಿಂದಿನವರು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಅನ್ನುತ್ತಿದ್ದರು. ದ್ರಾಕ್ಷಿ ಬಾಯಲ್ಲಿಟ್ಟರೆ ಆಯಿತು. ಬಾಳೆ ಸುಲಿಯಬೇಕು. ತೆಂಗಿನಕಾಯಿ ಒಡೆಯಬೇಕು. ಆದರೆ ತೆಂಗಿನಕಾಯಿ ಅಂದ ಕೂಡಲೇ ಒಳಗೆ ನೀರಿದೆ, ತಿರುಳಿದೆ ಅಂತ ಒಂದು ಧೈರ್ಯ ಬರುತ್ತದೆ. ‘ಕ್ಲಿಷ್ಟ’ದಲ್ಲಿ ಆ ಧೈರ್ಯ ಇಲ್ಲ. ಇನ್ನು ‘ಪ್ರಸಾದ ಗುಣ’ ಅಂತ ಒಂದು ಪದ ಇದೆ. ಹೇಳಿದರೆ ಜನ ಕೈ ಮುಂದೆ ಚಾಚುತ್ತಾರೆ. ಒಣ ಕಟ್ಟಿಗೆಗೆ ಬೆಂಕಿ ತಗುಲಿದ ಹಾಗೆ ಅರ್ಥ ಥಟ್ಟನೆ ಮನಸ್ಸಿಗೆ ಹಬ್ಬುವುದು ಅಂತ ಸಂಸ್ಕೃತದ ಕಾವ್ಯಶಾಸ್ತ್ರಕಾರ ಮಮ್ಮಟ ಅದನ್ನು ವಿವರಿಸಿದ್ದಾನೆ.

ಗ್ರಂಥಗಳು ಬೇಡವೆಂದರೆ ನಮ್ಮ ಊರಿನ ಮಗ್ಗದ ಮನೆಗೆ ಬನ್ನಿ. ಬೆಟಗೇರಿಯಲ್ಲಿ ಬಟ್ಟೆಯನ್ನು ಬೆರಳಲ್ಲಿ ಹಿಡಿದೇ ಬಿಗಿಯೋ ಜಾಳೋ ಅಂತ ಹೇಳುತ್ತಾರೆ. ಜಾಳು ಅಂದರೆ ಎಳೆಗಳ ನಡುವೆ ಬೆಳಕು ಕಾಣುವ ಬಟ್ಟೆ. ಬರಹದಲ್ಲೂ ಅಷ್ಟೇ. ಮಾತು ಇರುತ್ತದೆ, ಒತ್ತು ಇರುವುದಿಲ್ಲ. ಆದರೆ ಜಾಳು ಅಂದರೆ ದೋಷ ಅಂತ ಕಣ್ಣು ಮುಚ್ಚಿ ಹೇಳುವ ಹಾಗಿಲ್ಲ. ಬೇಸಿಗೆಗೆ ಜಾಳು ಪಂಚೆಯೇ ಹಿತ. ಹರಟೆಯಂಥ ಬರಹ ಸ್ವಲ್ಪ ಜಾಳಾಗಿದ್ದರೇ ಗಾಳಿ ಆಡುತ್ತದೆ. ಅದೇ ಜಾಳು ಸಣ್ಣಕಥೆಗೆ ಬಂದರೆ ಕಥೆ ಮೈಮೇಲೆ ನಿಲ್ಲುವುದಿಲ್ಲ. ಇಂಗ್ಲಿಷ್ ವಾಕ್ಯದ ಮೇಲೆ ಕನ್ನಡ ಪದಗಳನ್ನು ಹೊಲಿದರೆ ಅದು ತೇಪೆ. ಒಂದೇ ವಾಕ್ಯಕ್ಕೆ ನಾಲ್ಕು ವಿಚಾರ ಸಿಕ್ಕಿಸಿದರೆ ಗೋಜಲು. ಭಾಷಣ ಕೇಳಿ ಹೊರಗೆ ಬಂದ ಜನ ಇಂಥ ಮಾತನ್ನು ಧಾರಾಳವಾಗಿ ಆಡುತ್ತಾರೆ. ‘ಬೈರಿಗೆ ಹಾಕಿದ’, ‘ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ’, ‘ಅಡ್ಡಗೋಡೆ ಮೇಲೆ ದೀಪ ಇಟ್ಟ’ ಅನ್ನುತ್ತಾರೆ. ಅದೇ ಜನ ಪೆನ್ನು ಹಿಡಿದರೆ ಸಾಕು, ‘ಮನಮುಟ್ಟುವ’ ಬಂದು ಕೂತುಬಿಡುತ್ತದೆ.

‘ಗ್ರಾಮೀಣ ಸೊಗಡು’ ಬಗ್ಗೆ ಒಂದು ಮಾತು. ಯಾವ ಗ್ರಾಮದ್ದು? ನಮ್ಮ ಕಡೆ ಮಣ್ಣು ಅಂದರೆ ಎರಿ ಅನ್ನುವ ಕಪ್ಪು ಮಣ್ಣು ಬೇರೆ, ಮಸಾರಿ ಅನ್ನುವ ಕೆಂಪು ಮಣ್ಣು ಬೇರೆ. ಮಳೆ ಬಿದ್ದಾಗ ಎರಡರ ವಾಸನೆಯೂ ಬೇರೆ. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಕಡೆಯ ಆಡುಮಾತಿನಲ್ಲಿದೆ. ಬೇಂದ್ರೆಯವರ ಎಷ್ಟೋ ಪದ್ಯಗಳಲ್ಲಿ ಧಾರವಾಡದ ಮಾತಿನ ಲಯ ಇದೆ. ಬಸ್ ಸ್ಟ್ಯಾಂಡಿನಲ್ಲಿ ಆ ಎರಡು ಊರಿನವರು ಬಾಯಿ ಬಿಟ್ಟರೆ ಯಾರು ಎಲ್ಲಿಯವರು ಅಂತ ಸಣ್ಣ ಮಗುವೂ ಹೇಳುತ್ತದೆ. ವಿಮರ್ಶೆಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಸೊಗಡು. ಊರಿನ ಹೆಸರು ಬರೆಯಿರಿ. ಒಂದು ಕ್ರಿಯಾಪದ ಎತ್ತಿ ತೋರಿಸಿ. ‘ಬಂದಾನ’ ಇದೆಯೋ ‘ಬಂದವ್ನೆ’ ಇದೆಯೋ ಅಂತ ಹೇಳಿದರೂ ನನಗೆ ಸಾಕು.

ಜಾಗ ಇಲ್ಲ ಅಂತ ನೀವು ಹೇಳಬಹುದು. ಆದರೆ ಇರುವ ಜಾಗದಲ್ಲಿ ಮುನ್ನುಡಿ ಯಾರದು, ಬೆನ್ನುಡಿ ಯಾರದು, ಮುಖಪುಟ ಹೇಗಿದೆ ಅನ್ನುವುದಕ್ಕೇ ಅರ್ಧ ಹೋಗುತ್ತಿದೆ. ಅದನ್ನು ಬಿಟ್ಟು ಪುಸ್ತಕದ ಎರಡು ವಾಕ್ಯಗಳನ್ನು ಇದ್ದ ಹಾಗೇ ಅಚ್ಚು ಹಾಕಿ. ಬಾಳೆಯೋ ಕಬ್ಬೋ ನಾವೇ ನೋಡಿಕೊಳ್ಳುತ್ತೇವೆ. ನಿಷ್ಠುರ ಆಗುತ್ತದೆ ಅನ್ನುವ ಹೆದರಿಕೆಯೂ ಇರಬಹುದು. ನಮ್ಮಲ್ಲಿ ಬರೆಯುವವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರೇ. ಇವತ್ತು ‘ಸಪ್ಪೆ’ ಅಂದರೆ ನಾಳೆ ಬಿಡುಗಡೆ ಸಮಾರಂಭಕ್ಕೆ ಕರೆ ಬರುವುದಿಲ್ಲ. ನಿಜ. ಆದರೆ ಸಪ್ಪೆ ಅನ್ನಿಸಿಕೊಂಡವನು ಮುಂದಿನ ಪುಸ್ತಕಕ್ಕೆ ಉಪ್ಪು ಹಾಕಿಕೊಂಡಾನು. ‘ಸರಳ ಸುಂದರ’ ಅನ್ನಿಸಿಕೊಂಡವನು ಏನು ಮಾಡಬೇಕು ಹೇಳಿ?

ಪತ್ರ ಉದ್ದವಾಯಿತು, ಅಲ್ಲಲ್ಲಿ ಜಾಳೂ ಆಗಿದೆ. ಎಲ್ಲಿ ಬೇಕಾದರೂ ಕತ್ತರಿ ಹಾಕಿ, ನನ್ನ ತಕರಾರು ಇಲ್ಲ. ಆ ಕಂಡಿಕೆ ಸುತ್ತುವ ಸಾಲೊಂದನ್ನು ಮಾತ್ರ ಬಿಡಬೇಡಿ. ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ನಿಮ್ಮ ಪತ್ರಿಕೆ ಓದುತ್ತಿದ್ದರೆ ಅವಳಿಗೆ ಗೊತ್ತಾಗಲಿ, ಇನ್ನೂ ಒಂದೂವರೆ ಅಂಕ ನನ್ನ ಕಡೆಯಿಂದ ಬಾಕಿ ಇದೆ.

— ನಿವೃತ್ತ ಕನ್ನಡ ಮಾಸ್ತರ, ಬೆಟಗೇರಿ