ಕೌಂಟ್ ಸೊನ್ನೆಗೆ ಇಳಿಯುವ ದಿನಗಳಿಗೆ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಆಪರೇಷನ್ ಎಷ್ಟು ಹೊತ್ತು ಹಿಡಿಯುತ್ತೆ?" ನಿನ್ನ ದನಿ ಕೇಳಿ ನನ್ನ ಗಂಟಲು ಕಟ್ಟಿತ್ತು, ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಪರೇಷನ್ನೇ ಇಲ್ಲ ಕಣೋ. ಯಾರೂ ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಟ್ರಾನ್ಸ್‌ಪ್ಲಾಂಟ್ ಅನ್ನುವ ಹೆಸರು ಕೇಳಿ ನಾನೂ ಹಾಗೇ ಅಂದುಕೊಂಡು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೆ. ಸ್ಟೆಮ್ ಸೆಲ್, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ, ಮೈಯೊಳಗೆ ಹೋಗುವುದು ರಕ್ತ ಏರಿಸಿದ ಹಾಗೆಯೇ, ಎದೆಯ ಹತ್ತಿರ ರಕ್ತನಾಳಕ್ಕೆ ಹಾಕಿರುವ ಸಣ್ಣ ಕೊಳವೆಯಿಂದ. ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಿನಗೂ ನನ್ನ ಹಾಗೆ ಮೈಲೋಮಾ, ಅಸ್ಥಿಮಜ್ಜೆಯಲ್ಲಿ ಬೆಳೆಯುವ ರಕ್ತದ ಕ್ಯಾನ್ಸರ್. ನಿನ್ನದೇ ಸೆಲ್ ನಿನಗೆ ವಾಪಸ್ ಕೊಡುತ್ತಾರೆ. ಬೇರೆಯವರ ಸೆಲ್ ಪಡೆಯುವವರ ದಾರಿಯೇ ಬೇರೆ. ಅಲ್ಲಿ ಹೊರಗಿಂದ ಬಂದ ಕೋಶಗಳು ರೋಗಿಯ ಮೈಯ ಮೇಲೇ ತಿರುಗಿ ಬೀಳುವ ಭಯ ಇರುತ್ತದೆ. ನಮಗೆ ಅದಿಲ್ಲ. ನಮ್ಮಲ್ಲಿ ಕ್ಯಾನ್ಸರಿಗೆ ಹೊಡೆತ ಕೊಡುವುದು ಮೆಲ್ಫಲಾನ್ ಎಂಬ ಕೀಮೋ. ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ, ಹಾಗೆ ಕೊಟ್ಟರೆ ಅದು ರೋಗದ ಜೊತೆಗೆ ಅಸ್ಥಿಮಜ್ಜೆಯನ್ನೂ ಬರಿದು ಮಾಡುತ್ತದೆ. ಬರಿದಾದ ಮಜ್ಜೆಗೆ ಮತ್ತೆ ಬಿತ್ತಲು ಮೊದಲೇ ಬೀಜ ತೆಗೆದಿಡುತ್ತಾರೆ, ಅಷ್ಟೆ. ಇದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ನಿನಗೆ ಈಗಲೇ ಗೊತ್ತಿರಲಿ.

ಬೀಜ ತೆಗೆಯುವ ಮುಂಚೆ ನಾಲ್ಕೈದು ದಿನ ಇಂಜೆಕ್ಷನ್. ಮಜ್ಜೆಯೊಳಗೆ ಕೋಶಗಳು ತುಂಬಿ ರಕ್ತಕ್ಕೆ ಹೊರಬರಬೇಕಲ್ಲ, ಸೊಂಟ, ಬೆನ್ನು, ಎದೆಮೂಳೆ ಒಳಗಿಂದ ಕುಟ್ಟಿದ ಹಾಗೆ ನೋಯುತ್ತವೆ. ರೋಗವೇ ಮರಳಿತೇನೋ ಎಂದು ನಾನು ಹೆದರಿದ್ದೆ, ನೀನು ಹೆದರಬೇಡ. ಆಮೇಲೆ ಮೆಷಿನ್ ಪಕ್ಕ ನಾಲ್ಕೈದು ಗಂಟೆ ಮಲಗಬೇಕು. ರಕ್ತ ಒಂದು ಕಡೆಯಿಂದ ಹೋಗಿ, ಒಳಗೆ ಗಿರಗಿರ ತಿರುಗಿ, ಸ್ಟೆಮ್ ಸೆಲ್ ಬಿಟ್ಟುಕೊಟ್ಟು ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ. ತುಟಿ ಜುಮುಜುಮು ಅಂದರೆ ನರ್ಸ್‌ಗೆ ಹೇಳು. ರಕ್ತ ಹೆಪ್ಪುಗಟ್ಟದಿರಲು ಹಾಕುವ ಔಷಧಿ ಮೈಯ ಕ್ಯಾಲ್ಸಿಯಂ ಹಿಡಿದಿಡುವುದರಿಂದ ಹಾಗಾಗುತ್ತದೆ. ತೂಕದ ಪ್ರತಿ ಕೆಜಿಗೆ ಕನಿಷ್ಠ 20 ಲಕ್ಷ ಸೆಲ್ ಬೇಕು. ನನಗೆ ಮೊದಲ ದಿನ ಅಷ್ಟು ಸಿಗಲಿಲ್ಲ, ಎರಡನೇ ದಿನವೂ ಕೂತೆ.

ಮೆಲ್ಫಲಾನ್ ಕೊಡುವ ದಿನ ಬಾಯಲ್ಲಿ ಐಸ್ ಇಟ್ಟುಕೊಳ್ಳಲು ಹೇಳುತ್ತಾರೆ. ಹಲ್ಲು ಜುಮ್ಮೆಂದರೂ ಬಿಡಬೇಡ. ತಂಪಿಗೆ ಬಾಯಿಯ ರಕ್ತನಾಳ ಕಿರಿದಾಗಿ ಅಲ್ಲಿಗೆ ಔಷಧಿ ಕಡಿಮೆ ತಲುಪುತ್ತದೆ. ನಾನು ನಡುವೆ ಎರಡು ಸಲ ಬಿಟ್ಟಿದ್ದೆ. ಆಮೇಲೆ ಎಂಜಲು ನುಂಗಲೂ ಆಗದೆ ಮಲಗಿದ್ದಾಗ ಅದನ್ನೇ ನೆನೆಸಿಕೊಂಡೆ.

ಸೆಲ್ ಹಾಕುವ ದಿನವನ್ನು ಡೇ ಝೀರೋ ಅನ್ನುತ್ತಾರೆ. ಸೆಲ್ ಕೆಡದಂತೆ ಬೆರೆಸಿದ ರಾಸಾಯನಿಕ ಒಂದೆರಡು ದಿನ ಉಸಿರಿನಲ್ಲಿ ಹೊರಬರುತ್ತದೆ, ಬೆಳ್ಳುಳ್ಳಿಯಂಥ ವಾಸನೆ. ನಿನಗೆ ಗೊತ್ತಾಗುವುದಿಲ್ಲ, ಕೋಣೆಗೆ ಬಂದವರಿಗೆ ಗೊತ್ತಾಗುತ್ತದೆ. ಅವತ್ತು ನಾನು ಚೆನ್ನಾಗೇ ಇದ್ದೆ. ಇಷ್ಟೇನಾ ಅನ್ನಿಸಿತು.

ಇಷ್ಟೇ ಅಲ್ಲ. ಐದನೇ ದಿನದಿಂದ ಹತ್ತನೇ ದಿನದವರೆಗಿನದ್ದನ್ನು ಮುಚ್ಚಿಟ್ಟರೆ ನಾನು ನಿನಗೆ ಮೋಸ ಮಾಡಿದ ಹಾಗೆ. ಬಾಯಿ, ಗಂಟಲು ತುಂಬ ಹುಣ್ಣು. ಹೊಟ್ಟೆ ಒಂದೇ ಸಮನೆ ಹೋಗುತ್ತಿತ್ತು. ದಿಂಬಿನ ತುಂಬ ಕೂದಲು. ಎದ್ದು ಬಾತ್‌ರೂಮಿಗೆ ಹೋಗಬೇಕೆಂದರೆ ಮೊದಲು ಮನಸ್ಸನ್ನು ಒಪ್ಪಿಸಬೇಕು. ಪ್ರತಿ ಬೆಳಿಗ್ಗೆ ರಕ್ತ ತೆಗೆದು ಬೋರ್ಡಿನ ಮೇಲೆ ಕೌಂಟ್ ಬರೆಯುತ್ತಿದ್ದರು. ಏಳನೇ ದಿನ ಬಿಳಿ ರಕ್ತಕಣದ ಮುಂದೆ 0.1 ಇತ್ತು, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬರೀ ನೂರು ಕಣ. ಅದಕ್ಕಿಂತ ಕಡಿಮೆ ಬರೆಯಲು ಏನೂ ಉಳಿದಿರಲಿಲ್ಲ.

ಆ ರಾತ್ರಿ ಸಣ್ಣಗೆ ಚಳಿ ಬಂತು. ಪಾಪ ನರ್ಸ್‌ಗೆ ಆಗಲೇ ಸಾಕಾಗಿದೆ, ಮತ್ತೇಕೆ ಕರೆಯುವುದು ಎಂದು ಹೊದಿಕೆ ಎಳೆದುಕೊಂಡು ಸುಮ್ಮನಿದ್ದೆ. ತಪ್ಪು ಮಾಡಿದೆ. ಕೌಂಟ್ ಇಲ್ಲದಾಗ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಅಂದರೆ ತುರ್ತು. ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು, ಯಾಕೆಂದರೆ ಸೋಂಕನ್ನು ತಡೆಯಲು ಮೈಯಲ್ಲಿ ಯಾರೂ ಇರುವುದಿಲ್ಲ. ನರ್ಸ್ ತಾವಾಗಿ ಬಂದು ಟೆಂಪರೇಚರ್ ನೋಡಿದ್ದರಿಂದ ನಾನು ಉಳಿದೆ. ನೀನು ಸಂಕೋಚ ಪಡುವ ಜಾತಿಯವನು, ನನಗೆ ಗೊತ್ತು. ನನ್ನಾಣೆ, ಚಳಿ ಅನ್ನಿಸಿದ ಕೂಡಲೇ ಬೆಲ್ ಒತ್ತು.

ಮರುದಿನ ಡಾಕ್ಟರನ್ನು ಕೇಳಿದೆ, ಸೆಲ್ ಕೊಟ್ಟು ಒಂದು ವಾರವಾಯಿತು, ಎಲ್ಲಿ ಹೋದವು? ಅವರು ಮಂಚದ ಅಂಚಿನಲ್ಲಿ ಕೂತು ಹೇಳಿದರು: ಅವು ಯಾವತ್ತೋ ಮನೆ ಸೇರಿವೆ. ಮಜ್ಜೆ ಹೊರಡಿಸುವ ರಾಸಾಯನಿಕ ಸಂಕೇತ ಹಿಡಿದು ಒಂದೆರಡು ದಿನದೊಳಗೆ ತಾವಾಗಿಯೇ ದಾರಿ ಹುಡುಕಿಕೊಳ್ಳುತ್ತವಂತೆ. ಆಗಿನಿಂದಲೂ ಕೆಲಸ ನಡೆದೇ ಇದೆ, ಹೊಸ ಕಣ ಬೆಳೆದು ರಕ್ತಕ್ಕೆ ಇಳಿಯುವವರೆಗೆ ಬೋರ್ಡಿಗೆ ಗೊತ್ತಾಗುವುದಿಲ್ಲ. ಗೆಳೆಯಾ, ಈ ಪತ್ರ ಬರೆದದ್ದೇ ಇದನ್ನು ಹೇಳಲು. ನಾನು ಎಲ್ಲ ಮುಗಿಯಿತು ಅಂದುಕೊಂಡಿದ್ದ ಆ ರಾತ್ರಿಯೂ ಮೂಳೆಯೊಳಗೆ ಅವು ದುಡಿಯುತ್ತಿದ್ದವು.

ಈ ಚಿಕಿತ್ಸೆಯ ದಾರಿ ತೆರೆದ ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್ 1957ರಲ್ಲಿ ವರದಿ ಮಾಡಿದ ಆರು ರೋಗಿಗಳಲ್ಲಿ ಯಾರೂ ನೂರು ದಿನ ದಾಟಲಿಲ್ಲ. ಥಾಮಸ್‌ಗೆ ನೊಬೆಲ್ ಬಂದದ್ದು 1990ರಲ್ಲಿ. ಆ ಆರು ಜನರನ್ನು ನಾನು ಈಗಲೂ ನೆನೆಯುತ್ತೇನೆ.

ಹನ್ನೊಂದನೇ ದಿನ ಬೋರ್ಡಿನಲ್ಲಿ 0.3. ನನ್ನ ಹೆಂಡತಿ ಗಾಜಿನಾಚೆಯಿಂದ ಬೆರಳಲ್ಲಿ ಮೂರು ತೋರಿಸಿ ಅತ್ತಳು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ ನ್ಯೂಟ್ರೋಫಿಲ್ 500 ದಾಟಿ ಮೂರು ದಿನ ನಿಂತರೆ ಸೆಲ್ ಹಿಡಿದವು ಎಂದು ಲೆಕ್ಕ. ನನಗದು ಹದಿನಾಲ್ಕನೇ ದಿನ ಖಚಿತವಾಯಿತು. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಸುಸ್ತು. ಮಕ್ಕಳಿಗೆ ಹಾಕುವ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸಿಕೊಂಡೆ, ಹಳೆಯ ರಕ್ಷಣೆಯೂ ಅಳಿಸಿಹೋಗಿರುತ್ತದೆ. ಮೈಲೋಮಾ ಬೇರುಸಹಿತ ಹೋಯಿತೆಂದು ನನಗೆ ಯಾರೂ ಹೇಳಿಲ್ಲ. ಆದರೆ ಅದು ಸದ್ಯಕ್ಕೆ ಹತೋಟಿಯಲ್ಲಿದೆ, ನಾನು ಕೂತು ನಿನಗೆ ಪತ್ರ ಬರೆಯುತ್ತಿದ್ದೇನೆ.

ಕೂದಲು ಹೋಗುವ ಮೊದಲೇ ಸಣ್ಣಗೆ ಕತ್ತರಿಸಿಕೋ. ತುಟಿಗೆ ಹಚ್ಚಲು ಏನಾದರೂ ಇರಲಿ, ವೈದ್ಯರನ್ನು ಕೇಳಿ ತಗೋ. ಐದನೇ ದಿನದಿಂದ ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಬಾಯಿ ನೋಯುತ್ತಿದ್ದರೆ ಮಾತಾಡಬೇಡ, ಕಿವಿಗೆ ಇಟ್ಟುಕೋ ಸಾಕು, ನಾನೇ ಮಾತಾಡುತ್ತೇನೆ. ಅವತ್ತಿನ ಕೌಂಟ್ ಅತ್ತಿಗೆ ಹತ್ತಿರ ಕೇಳಿಕೊಳ್ಳುತ್ತೇನೆ.

ಇಂತಿ,
ನಿನ್ನ ಗೆಳೆಯ